ಹಾಲುಹಸುವಿನ ಜೀರ್ಣಕ್ರಿಯೆಯಲ್ಲಿ ಧಾನ್ಯ ಸಂಸ್ಕರಣೆ ಮತ್ತು ಮೇವಿನ ಕೊಬ್ಬು: ಗೋಪಾಲಸ್ವಾಮಿ ಬೆಟ್ಟದ ಸೀಮೆ

ಹಸುವಿಗೆ ಕೊಡುವ ಕಾಳನ್ನು ಒಡೆದು, ಬೀಸಿ, ನೆನೆಸಿ, ಬೇಯಿಸಿ ಇಲ್ಲವೇ ಹಬೆಯಲ್ಲಿ ಮೆದುವಾಗಿಸಿ ಚಪ್ಪಟೆ ಮಾಡಿ, ಅದರೊಳಗಿನ ಪಿಷ್ಟ ಎಷ್ಟು ಬೇಗ ಮತ್ತು ಹೊಟ್ಟೆಯ ಯಾವ ಭಾಗದಲ್ಲಿ ಜೀರ್ಣವಾಗಬೇಕೆಂಬುದನ್ನು ಬದಲಿಸುವ ಕ್ರಮಕ್ಕೆ ಧಾನ್ಯ ಸಂಸ್ಕರಣೆ ಎಂದು ಹೆಸರು. ಹಿಂಡಿ, ಎಣ್ಣೆಕಾಳು, ತೌಡು ಅಥವಾ ಕಾರ್ಖಾನೆಯಲ್ಲಿ ತಯಾರಾದ ಪುಡಿಯ ರೂಪದಲ್ಲಿ ಆಹಾರಕ್ಕೆ ಸೇರುವ ಎಣ್ಣೆಯಂಶವೇ ಮೇವಿನ ಕೊಬ್ಬು. ಎರಡರ ಉದ್ದೇಶವೂ ಹಸುವಿಗೆ ಹೆಚ್ಚು ಶಕ್ತಿ ಒದಗಿಸುವುದು. ಎರಡೂ ಅಳತೆ ಮೀರಿದರೆ ಕೆಡುವುದು ಒಂದೇ, ನಾರು ಕರಗಿಸುವ ಸೂಕ್ಷ್ಮಜೀವಿಗಳ ಬಾಳು. ಆದ್ದರಿಂದ ಪಶು ಆಹಾರ ವಿಜ್ಞಾನದಲ್ಲಿ ಇವೆರಡನ್ನೂ ಜೊತೆಯಾಗಿ ಅಭ್ಯಸಿಸುವುದು ರೂಢಿ.

ಈ ಲೇಖನ ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ತಾಲ್ಲೂಕನ್ನು, ಅದರಲ್ಲೂ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ತಪ್ಪಲನ್ನು ಮುಂದಿಟ್ಟುಕೊಂಡು ವಿಷಯವನ್ನು ವಿವರಿಸುತ್ತದೆ.

ಪರಿಭಾಷೆ

ಹಳೇ ಮೈಸೂರು ಸೀಮೆಯ ರೂಢಿಯಂತೆ ಇಲ್ಲಿ ಮೆಕ್ಕೆಜೋಳವನ್ನು ಮುಸುಕಿನ ಜೋಳವೆಂದೂ ಬರಿಯ ಜೋಳವನ್ನು ಬಿಳಿಜೋಳವೆಂದೂ ಕರೆಯಲಾಗಿದೆ. ಆಹಾರದಲ್ಲಿರುವುದಕ್ಕೆ ಕೊಬ್ಬು, ಹಾಲಿನಲ್ಲಿರುವುದಕ್ಕೆ ಜಿಡ್ಡು ಎಂಬ ಪದಗಳನ್ನು ಬಳಸಲಾಗಿದೆ. ಹಾಲಿನ ಡೈರಿಯಲ್ಲಿ ಜಿಡ್ಡನ್ನು ಫ್ಯಾಟ್ ಎಂದೂ ಜಿಡ್ಡನ್ನು ಬಿಟ್ಟು ಉಳಿದ ಘನಾಂಶವನ್ನು ಎಸ್‌ಎನ್‌ಎಫ್ ಎಂದೂ ಹೇಳುತ್ತಾರೆ. ಮೆಲುಕು ಹಾಕುವ ಪ್ರಾಣಿಯ ಮೊದಲ ಮತ್ತು ಅತಿ ದೊಡ್ಡ ಹೊಟ್ಟೆಯೇ ರೂಮೆನ್. ನೀರಿನಂಶ ಕಳೆದ ಮೇವಿನ ತೂಕ ಒಣಪದಾರ್ಥ. ಮಿಶ್ರತಳಿಯ ಹಾಲುಹಸುವನ್ನು ಊರಿನವರು ಸೀಮೆಹಸು ಎನ್ನುತ್ತಾರೆ, ಸ್ಥಳೀಯ ಜಾನುವಾರನ್ನು ನಾಟಿ ದನ ಎನ್ನುತ್ತಾರೆ.

ಸೀಮೆ ಮತ್ತು ಹಿನ್ನೆಲೆ

ಹಿಮವದ್ ಗೋಪಾಲಸ್ವಾಮಿ ಬೆಟ್ಟ ಸಮುದ್ರಮಟ್ಟದಿಂದ 1,454 ಮೀಟರ್ ಎತ್ತರದಲ್ಲಿ, ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದೊಳಗಿದೆ. ತುದಿಯನ್ನು ಸದಾ ಮಂಜು ಕವಿಯುವುದರಿಂದ ಆ ಹೆಸರು ಬಂತು. ಗುಡಿಯಲ್ಲಿ ಕೊಳಲೂದುವ ವೇಣುಗೋಪಾಲನ ಸುತ್ತ ಗೋವುಗಳೂ ಗೋಪಾಲಕರೂ ಕೆತ್ತನೆಯಲ್ಲಿದ್ದಾರೆ. ಬೆಟ್ಟದ ಮೇಲೆ ಹಸಿರಿದ್ದರೂ ಕೆಳಗಿನ ಹಂಗಳ, ಬೇರಂಬಾಡಿ ಕಡೆಯ ಬಯಲು ಪಶ್ಚಿಮಘಟ್ಟದ ಮಳೆನೆರಳಿಗೆ ಸೇರಿದ ಒಣನೆಲ. ಬಿಳಿಜೋಳ, ರಾಗಿ, ಹುರುಳಿ, ಮುಸುಕಿನ ಜೋಳ, ನೆಲಗಡಲೆ, ಹತ್ತಿ, ಅರಿಶಿನ ಇಲ್ಲಿನ ಬೆಳೆಗಳು. ಜುಲೈ–ಆಗಸ್ಟ್‌ನಲ್ಲಿ ಊಟಿ ರಸ್ತೆಯ ಇಕ್ಕೆಲದ ಸೂರ್ಯಕಾಂತಿ ಮತ್ತು ಚೆಂಡುಹೂವಿನ ಹೊಲಗಳನ್ನು ನೋಡಲು ಪ್ರವಾಸಿಗರು ವಾಹನ ನಿಲ್ಲಿಸುತ್ತಾರೆ. ಪಿಷ್ಟದ ಕಾಳು ಮತ್ತು ಎಣ್ಣೆಯ ಕಾಳು ಒಂದೇ ತಾಲ್ಲೂಕಿನಲ್ಲಿ ಅಕ್ಕಪಕ್ಕ ಬೆಳೆಯುವುದರಿಂದ ಈ ಸೀಮೆ ಪ್ರಸ್ತುತ ವಿಷಯಕ್ಕೆ ಒಳ್ಳೆಯ ಉದಾಹರಣೆ.

ಇಲ್ಲಿನ ದನ ಹಿಂದೆ ಬೆಳೆದದ್ದು ಕಾಡಿನ ಹುಲ್ಲು, ಹೊಲದ ಕೂಳೆ ಮತ್ತು ಬಣವೆಯ ಮೇಲೆ. ಕಾಡಂಚಿನ ನಾಟಿ ದನವನ್ನು ಹಾಲಿಗಿಂತ ಗೊಬ್ಬರಕ್ಕಾಗಿ ಸಾಕುವ ಕ್ರಮವೂ ಇತ್ತು. ಬಂಡೀಪುರದ ಅಂಚಿನ ಸಗಣಿ ಕಾಫಿ ಸೀಮೆಗೆ ಮಾರಾಟವಾಗುತ್ತಿದ್ದುದನ್ನು, ಕಾಫಿಯ ಬೆಲೆಗೂ ಕಾಡಿನೊಳಗಿನ ಮೇಯುವಿಕೆಗೂ ಇದ್ದ ನಂಟನ್ನು ಸಂಶೋಧಕ ಎಂ. ಡಿ. ಮಧುಸೂದನ್ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದಾಖಲಿಸಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಂಡೀಪುರದಂಥ ರಾಷ್ಟ್ರೀಯ ಉದ್ಯಾನದೊಳಗೆ ದನ ಮೇಯಿಸುವಂತಿಲ್ಲ. ಕಾಡಿನ ಹುಲ್ಲಿನ ಜಾಗವನ್ನು ಲಂಟಾನ ಎಂಬ ಕಳೆಗಿಡ ಬಹುಪಾಲು ಆಕ್ರಮಿಸಿದೆ. ಜೊತೆಗೆ ಹಾಲಿನ ಸಹಕಾರ ಸಂಘಗಳು ಊರೂರಿಗೆ ಬಂದವು. ಹೀಗೆ ದನ ಕಾಡಿನಿಂದ ಕೊಟ್ಟಿಗೆಗೆ ಸರಿಯಿತು, ಅದರ ಬಾಯಿಗೆ ಹುಲ್ಲಿನ ಜೊತೆ ಕಾಳೂ ಹಿಂಡಿಯೂ ಹೆಚ್ಚು ಬೀಳತೊಡಗಿತು.

ಕರ್ನಾಟಕದಲ್ಲಿ ಹೈನುಗಾರಿಕೆಯ ವಿಜ್ಞಾನಕ್ಕೆ ನೂರು ವರ್ಷ ತುಂಬಿದೆ. ಪಶುಪಾಲನೆ ಮತ್ತು ಹೈನುಗಾರಿಕೆಯ ಇಂಪೀರಿಯಲ್ ಸಂಸ್ಥೆ ಬೆಂಗಳೂರಿನಲ್ಲಿ 1923ರಲ್ಲಿ ಆರಂಭವಾಯಿತು. 1955ರಲ್ಲಿ ಕೇಂದ್ರ ಕಚೇರಿ ಹರಿಯಾಣದ ಕರ್ನಾಲ್‌ಗೆ ಹೋದ ಮೇಲೆ ಬೆಂಗಳೂರಿನದು ರಾಷ್ಟ್ರೀಯ ಡೈರಿ ಸಂಶೋಧನಾ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರವಾಯಿತು. ಬೆಂಗಳೂರಿನ ಆಡುಗೋಡಿಯಲ್ಲೇ 1995ರಲ್ಲಿ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ಸ್ಥಾಪನೆಯಾಯಿತು. ದೇಶದ ಮೇವಿನ ಸಂಶೋಧನೆಗೆ ಮುಖ್ಯ ನೆಲೆಗಳಲ್ಲಿ ಅದೂ ಒಂದು.

ಹೊಟ್ಟೆಯ ರಚನೆ ಮತ್ತು ಕೆಲಸ

ಹಸುವಿನ ಹೊಟ್ಟೆಯಲ್ಲಿ ನಾಲ್ಕು ಕೋಣೆಗಳಿವೆ: ರೂಮೆನ್, ಜೇನುಗೂಡಿನಂಥ ಒಳಮೈಯುಳ್ಳ ರೆಟಿಕ್ಯುಲಮ್, ಪುಸ್ತಕದ ಹಾಳೆಗಳಂತೆ ಪದರಗಳಿರುವ ಒಮೇಸಮ್, ಮತ್ತು ಮನುಷ್ಯರ ಜಠರಕ್ಕೆ ಸಮನಾದ ಅಬೊಮೇಸಮ್. ಮೊದಲ ಮೂರರಲ್ಲಿ ಹಸುವಿನ ಸ್ವಂತ ಜೀರ್ಣರಸವಿಲ್ಲ. ರೂಮೆನ್ ಒಂದು ಹುದುಗಿನ ಹಂಡೆ. ಸುಮಾರು 39 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿನ, ಆಮ್ಲಜನಕವಿಲ್ಲದ ಆ ಹಂಡೆಯಲ್ಲಿ ಬ್ಯಾಕ್ಟೀರಿಯಾ, ಪ್ರೊಟೊಜೋವಾ ಮತ್ತು ಶಿಲೀಂಧ್ರಗಳು ಬಾಳುತ್ತವೆ. ಆಮ್ಲಜನಕವಿಲ್ಲದೆ ಅವುಗಳನ್ನು ಬೆಳೆಸಿ ಅಭ್ಯಸಿಸುವ ದಾರಿ ತೋರಿಸಿದವನು ಅಮೆರಿಕದ ರಾಬರ್ಟ್ ಹಂಗೇಟ್. ರೂಮೆನ್ ಕುರಿತ ಅವನ ಗ್ರಂಥ 1966ರಲ್ಲಿ ಪ್ರಕಟವಾಯಿತು.

ಈ ಜೀವಿಗಳಲ್ಲಿ ಎರಡು ಮುಖ್ಯ ಬಳಗಗಳಿವೆ. ಫೈಬ್ರೊಬ್ಯಾಕ್ಟರ್, ರೂಮಿನೊಕಾಕಸ್ ಮೊದಲಾದವು ನಾರನ್ನು ನಿಧಾನವಾಗಿ ಕರಗಿಸುತ್ತವೆ, ಆಮ್ಲೀಯತೆಯನ್ನು ಸಹಿಸುವುದಿಲ್ಲ. ಸ್ಟ್ರೆಪ್ಟೊಕಾಕಸ್ ಬೋವಿಸ್‌ನಂಥವು ಪಿಷ್ಟ ಕಂಡರೆ ಕ್ಷಿಪ್ರವಾಗಿ ಹೆಚ್ಚುತ್ತವೆ. ನಾರಿನ ಹುದುಗಿನಿಂದ ಅಸಿಟಿಕ್ ಆಮ್ಲವೂ ಪಿಷ್ಟದ ಹುದುಗಿನಿಂದ ಪ್ರೊಪಿಯಾನಿಕ್ ಆಮ್ಲವೂ ಹೆಚ್ಚಾಗಿ ಬರುತ್ತವೆ. ಬ್ಯುಟಿರಿಕ್ ಮೂರನೆಯದು. ಹಸುವಿನ ಶಕ್ತಿಯ ಸುಮಾರು 70 ಶೇಕಡ ಈ ಆವಿಶೀಲ ಕೊಬ್ಬಿನಾಮ್ಲಗಳಿಂದಲೇ ಸಿಗುತ್ತದೆ. ಪ್ರೊಪಿಯಾನಿಕ್ ಆಮ್ಲ ಯಕೃತ್ತಿನಲ್ಲಿ ಗ್ಲೂಕೋಸ್ ಆಗಿ, ಕೆಚ್ಚಲಿನಲ್ಲಿ ಹಾಲಿನ ಸಕ್ಕರೆಯಾಗಿ ಹಾಲಿನ ಪ್ರಮಾಣವನ್ನು ನಿರ್ಧರಿಸುತ್ತದೆ. ಅಸಿಟಿಕ್ ಆಮ್ಲ ಜಿಡ್ಡಿನ ಕಚ್ಚಾವಸ್ತು. ಹಾಲಿನ ಜಿಡ್ಡಿನ ಹೆಚ್ಚುಕಡಿಮೆ ಅರ್ಧ ಕೆಚ್ಚಲಿನಲ್ಲೇ ಹೊಸದಾಗಿ ತಯಾರಾಗುತ್ತದೆ, ಉಳಿದರ್ಧ ರಕ್ತದಿಂದ ಬರುತ್ತದೆ. ಕಾಳು ಹೆಚ್ಚಿಸಿದಾಗ ಹಾಲು ಏರಿ ಫ್ಯಾಟ್ ಇಳಿಯುವುದರ ಒಂದು ಕಾರಣ ಇಲ್ಲಿದೆ.

ಹಂಡೆಯ ಹುಳಿಯನ್ನು ಹತೋಟಿಯಲ್ಲಿಡುವುದು ಜೊಲ್ಲು. ದಿನಕ್ಕೆ 100 ಲೀಟರಿಗೂ ಮಿಕ್ಕಿ ಸುರಿಯುವ ಜೊಲ್ಲಿನಲ್ಲಿ ಅಡುಗೆ ಸೋಡಾದ್ದೇ ಜಾತಿಯ ಬೈಕಾರ್ಬನೇಟ್ ಇದೆ. ಜೊಲ್ಲು ಸುರಿಯಬೇಕಾದರೆ ಹಸು ಅಗಿಯಬೇಕು, ಮೆಲುಕು ಹಾಕಬೇಕು. ಅದಕ್ಕೆ ಉದ್ದನೆಯ ನಾರು ಬೇಕು. ಆರೋಗ್ಯವಂತ ಹಸು ದಿನಕ್ಕೆ ಏಳೆಂಟು ಗಂಟೆ ಮೆಲುಕು ಹಾಕುತ್ತದೆ. ಹುಳಿ ಹೆಚ್ಚಿದಂತೆ ಇಳಿಯುವ ಅಳತೆ ಪಿಎಚ್. ರೂಮೆನ್‌ನ ಪಿಎಚ್ 6ಕ್ಕಿಂತ ಕೆಳಗಿಳಿದಾಗ ನಾರು ಕರಗಿಸುವ ಬಳಗ ಸೋಲುತ್ತದೆ. ಅದು ದಿನದಲ್ಲಿ ಹಲವು ಗಂಟೆ 5.5ರ ಆಸುಪಾಸಿನಲ್ಲೇ ನಿಂತರೆ ಹೊರಗೆ ಕಾಣಿಸದ ಆಮ್ಲಬಾಧೆ ಎಂದು ಗುರುತಿಸುತ್ತಾರೆ.

ಧಾನ್ಯಗಳು ಮತ್ತು ಸಂಸ್ಕರಣೆಯ ಬಗೆಗಳು

ಇಡೀ ಕಾಳಿನ ಸಿಪ್ಪೆ ಸೂಕ್ಷ್ಮಜೀವಿಗಳಿಗೆ ಮುಚ್ಚಿದ ಬಾಗಿಲು. ಹಸು ಅಗಿಯದೆ ನುಂಗಿದ ಮುಸುಕಿನ ಜೋಳದ ಕಾಳು ಸಗಣಿಯಲ್ಲಿ ಹಾಗೇ ಹೊರಬೀಳುವುದನ್ನು ಎಲ್ಲ ರೈತರೂ ಕಂಡಿದ್ದಾರೆ. ಸಿಪ್ಪೆ ಒಡೆದ ಮೇಲೆ ಎರಡನೆಯ ತಡೆ ಕಾಳಿನ ಒಳಗಿದೆ. ಪಿಷ್ಟದ ಕಣಗಳು ಪ್ರೋಟೀನಿನ ಬಲೆಯಲ್ಲಿ ಸಿಕ್ಕಿಕೊಂಡಿರುತ್ತವೆ. ಗೋಧಿ, ಬಾರ್ಲಿಗಳಲ್ಲಿ ಈ ಬಲೆ ಸಡಿಲ, ಮುಸುಕಿನ ಜೋಳದಲ್ಲಿ ಬಿಗಿ. ಎಲ್ಲಕ್ಕಿಂತ ಬಿಗಿಯಾದದ್ದು ಬಿಳಿಜೋಳದ್ದು. ಅದರ ಕಾಫಿರಿನ್ ಎಂಬ ಪ್ರೋಟೀನು ಸುಲಭಕ್ಕೆ ಕರಗುವುದಿಲ್ಲ. ಸಂಸ್ಕರಣೆಯಿಂದ ಬಿಳಿಜೋಳಕ್ಕೆ ಆಗುವಷ್ಟು ಲಾಭ ಬೇರೆ ಧಾನ್ಯಕ್ಕೆ ಆಗದಿರುವುದು ಈ ಕಾರಣಕ್ಕೆ.

ಒಡೆಯುವುದು ಮತ್ತು ಬೀಸುವುದು ಅತಿ ಹಳೆಯ ವಿಧಾನ. ಕಾಳು ನುಚ್ಚಾದರೆ ಹುದುಗು ಮಧ್ಯಮ ಗತಿಯಲ್ಲಿ ಸಾಗುತ್ತದೆ, ನುಣ್ಣನೆ ಹಿಟ್ಟಾದರೆ ಒಮ್ಮೆಗೇ ಹುಳಿ ಏರುತ್ತದೆ. ಗಿರಣಿಯಲ್ಲಿ ಮನೆಯವರಿಗೆ ಬೀಸುವಂತೆಯೇ ಹಸುವಿಗೂ ಬೀಸಿಸುವುದು ವಾಡಿಕೆ. ಇದು ತಪ್ಪು ಅಭ್ಯಾಸ. ಗೋಧಿಯಂಥ ವೇಗದ ಧಾನ್ಯವನ್ನಂತೂ ದೊಡ್ಡ ನುಚ್ಚಿಗಿಂತ ಸಣ್ಣದು ಮಾಡಬಾರದು. ಬಿಳಿಜೋಳ ಮತ್ತು ರಾಗಿಯ ಮಾತು ಬೇರೆ: ಕಾಳು ಚಿಕ್ಕದು, ಗಟ್ಟಿ, ಸಣ್ಣಗೆ ಬೀಸದಿದ್ದರೆ ಬಹುಪಾಲು ಸಗಣಿಗೆ ಹೋಗುತ್ತದೆ.

ನೆನೆಸುವುದು, ಬೇಯಿಸುವುದು ಮನೆಯ ವಿಧಾನಗಳು. ಎತ್ತಿಗೆ ಬೇಯಿಸಿದ ಹುರುಳಿ, ಕರು ಹಾಕಿದ ಹಸುವಿಗೆ ರಾಗಿ ಅಂಬಲಿ, ರಾತ್ರಿ ನೆನೆಸಿ ಬೆಳಿಗ್ಗೆ ರುಬ್ಬಿದ ಹತ್ತಿಬೀಜ ಹಳೇ ಮೈಸೂರಿನ ಹಟ್ಟಿಗಳಿಗೆ ಹೊಸದಲ್ಲ. ಬೇಯುವಾಗ ಪಿಷ್ಟದ ಕಣ ನೀರು ಹೀರಿ ಉಬ್ಬಿ ಬಿರಿಯುತ್ತದೆ. ಆಗ ಅದು ಬಲುಬೇಗ ಜೀರ್ಣವಾಗುತ್ತದೆ. ಹುರುಳಿಗೆ ಬೇಯಿಸುವುದರಿಂದ ಇನ್ನೊಂದು ಪ್ರಯೋಜನವೂ ಇದೆ, ಪ್ರೋಟೀನಿನ ಜೀರ್ಣಕ್ಕೆ ಅಡ್ಡಬರುವ ಅಂಶಗಳು ಶಾಖಕ್ಕೆ ನಾಶವಾಗುತ್ತವೆ. ಆದರೆ ಸೌದೆಯ ಖರ್ಚು ಹಿಡಿದರೆ ಹಾಲುಹಸುವಿಗೆ ದಿನಾ ಕಾಳು ಬೇಯಿಸುವುದು ಲಾಭದ ಕೆಲಸವಲ್ಲ.

ಹಬೆಯಲ್ಲಿ ಚಪ್ಪಟೆ ಮಾಡುವುದು ಕಾರ್ಖಾನೆಯ ವಿಧಾನ. ಕಾಳನ್ನು ಅರ್ಧ ಗಂಟೆಗೂ ಹೆಚ್ಚು ಹೊತ್ತು ಹಬೆಯಲ್ಲಿಟ್ಟು ಬಿಸಿ ಉರುಳೆಗಳ ನಡುವೆ ಒತ್ತಿ ಅವಲಕ್ಕಿಯಂತೆ ಮಾಡುತ್ತಾರೆ. ಶಾಖ, ತೇವ, ಒತ್ತಡ ಮೂರೂ ಸೇರಿ ಪ್ರೋಟೀನಿನ ಬಲೆ ಹರಿದು ಪಿಷ್ಟ ಬಿರಿಯುತ್ತದೆ. ಅಮೆರಿಕದ ಅರಿಜೋನ ವಿಶ್ವವಿದ್ಯಾಲಯದ ತ್ಯೂರರ್, ಹ್ಯೂಬರ್ ಮತ್ತು ಸಂಗಡಿಗರು ಬಿಳಿಜೋಳ, ಮುಸುಕಿನ ಜೋಳಗಳ ಮೇಲಿನ ಇಂಥ ಪ್ರಯೋಗಗಳನ್ನು 1999ರಲ್ಲಿ ಒಟ್ಟುಗೂಡಿಸಿ ವಿಮರ್ಶಿಸಿದರು. ಒಣಗಿದ್ದಂತೆಯೇ ಒತ್ತಿದ ಕಾಳಿಗಿಂತ ಹಬೆಯ ಅವಲಕ್ಕಿಯಿಂದ ಹಾಲೂ ಹಾಲಿನ ಪ್ರೋಟೀನೂ ಹೆಚ್ಚಿದವು. ಪಿಷ್ಟ ಕರುಳಿಗೆ ಜಾರುವ ಬದಲು ರೂಮೆನ್‌ನಲ್ಲೇ ಹುದುಗಿ ಅಲ್ಲಿನ ಸೂಕ್ಷ್ಮಜೀವಿಗಳ ಬೆಳವಣಿಗೆಗೆ ಒದಗಿದ್ದು ಮುಖ್ಯ ಕಾರಣ. ಆ ಜೀವಿಗಳ ದೇಹವೇ ಮುಂದೆ ಹಸುವಿಗೆ ಪ್ರೋಟೀನು.

ಇವಲ್ಲದೆ ಹಿಟ್ಟನ್ನು ಹಬೆಯಲ್ಲಿ ಒತ್ತಿ ಮಾಡುವ ಗುಳಿಗೆ, ಹಸಿ ತೇವದಲ್ಲೇ ಹುದುಗಿಸಿಡುವ ಮುಸುಕಿನ ಜೋಳ, ತೆನೆಸಮೇತ ದಂಟನ್ನು ಕತ್ತರಿಸಿ ಮಾಡುವ ಸೈಲೇಜ್ ಇವೆ. ಗುಂಡ್ಲುಪೇಟೆಯ ಕೊಟ್ಟಿಗೆಗಳಿಗೆ ಸಂಸ್ಕರಿಸಿದ ಕಾಳು ಹೆಚ್ಚಾಗಿ ತಲುಪುವುದು ಗುಳಿಗೆಯ ರೂಪದಲ್ಲಿ, ಪಶು ಆಹಾರದ ಚೀಲದಲ್ಲಿ.

ಕೊಬ್ಬಿನ ಮೂಲಗಳು

ಕೊಬ್ಬು ಸಮತೂಕದ ಪಿಷ್ಟಕ್ಕಿಂತ ಎರಡೂಕಾಲು ಪಟ್ಟು ಶಕ್ತಿ ಕೊಡುತ್ತದೆ, ಹುದುಗಿ ಹುಳಿಯಾಗುವುದೂ ಇಲ್ಲ. ಹುಲ್ಲು ಮತ್ತು ಧಾನ್ಯದಲ್ಲಿ ಸಹಜವಾಗಿ ಇರುವುದು 2–4 ಶೇಕಡ ಕೊಬ್ಬು ಮಾತ್ರ. ಸೂರ್ಯಕಾಂತಿ ಬೀಜದಲ್ಲಿ ಸುಮಾರು 40 ಶೇಕಡ, ಹತ್ತಿಬೀಜದಲ್ಲಿ ಸುಮಾರು 18–20 ಶೇಕಡ ಎಣ್ಣೆಯಿದೆ. ಅಕ್ಕಿ ತೌಡಿನದು 12ರಿಂದ 18 ಶೇಕಡ. ಹಿಂಡಿಯ ಕೊಬ್ಬು ಎಣ್ಣೆ ತೆಗೆದ ವಿಧಾನವನ್ನು ಅವಲಂಬಿಸಿದೆ. ಗಾಣದ ಹಿಂಡಿಯಲ್ಲಿ 7–8 ಶೇಕಡ ಅಥವಾ ಅದಕ್ಕೂ ಹೆಚ್ಚು ಎಣ್ಣೆ ಉಳಿದರೆ ದ್ರಾವಕದಿಂದ ಎಣ್ಣೆ ತೆಗೆದ ಹಿಂಡಿಯಲ್ಲಿ ಉಳಿಯುವುದು 1 ಶೇಕಡದ ಆಸುಪಾಸು. ‘ಹಿಂಡಿ’ ಎಂಬ ಒಂದೇ ಹೆಸರಿನಲ್ಲಿ ಮಾರಾಟವಾಗುವ ಈ ಎರಡು ಸರಕುಗಳ ವ್ಯತ್ಯಾಸ ಕೊಳ್ಳುವವರಿಗೆ ತಿಳಿದಿರಲೇಬೇಕು.

ಹತ್ತಿಬೀಜ ವಿಶೇಷವಾದದ್ದು. ಅದರ ಎಣ್ಣೆ ಸಿಪ್ಪೆಯೊಳಗಿದ್ದು ನಿಧಾನವಾಗಿ ಬಿಡುಗಡೆಯಾಗುತ್ತದೆ, ಮೈಮೇಲಿನ ನಾರು ಮೆಲುಕಿಗೆ ನೆರವಾಗುತ್ತದೆ. ಗಾಸಿಪಾಲ್ ಎಂಬ ವಿಷಾಂಶ ಇರುವುದರಿಂದ ಎಳೆಗರುಗಳಿಗೆ ಕೊಡಬಾರದು, ದೊಡ್ಡ ಹಸುವಿಗೂ ಮಿತಿಯಿರಬೇಕು.

ಬೈಪಾಸ್ ಕೊಬ್ಬು ಎಂದರೆ ರೂಮೆನ್‌ನಲ್ಲಿ ಕರಗದೆ ಮುಂದೆ ಸಾಗುವಂತೆ ಮಾಡಿದ ಕೊಬ್ಬು. ಹೆಚ್ಚು ಬಳಕೆಯಲ್ಲಿರುವುದು ತಾಳೆ ಎಣ್ಣೆಯ ಕೊಬ್ಬಿನಾಮ್ಲಗಳನ್ನು ಕ್ಯಾಲ್ಸಿಯಂ ಜೊತೆ ಸೇರಿಸಿದ ಒಂದು ಬಗೆಯ ಸಾಬೂನು. ರೂಮೆನ್‌ನ ಸಾಧಾರಣ ಪಿಎಚ್‌ನಲ್ಲಿ ಅದು ಗಟ್ಟಿಯಾಗಿಯೇ ಇದ್ದು ಅಬೊಮೇಸಮ್‌ನ ತೀವ್ರ ಆಮ್ಲದಲ್ಲಿ ಬಿಡಿಯಾಗಿ ಸಣ್ಣಕರುಳಿನಲ್ಲಿ ಹೀರಿಕೆಯಾಗುತ್ತದೆ. ಅಮೆರಿಕದ ಓಹಿಯೋದಲ್ಲಿ ಪಾಮ್‌ಕ್ವಿಸ್ಟ್ ಮತ್ತು ಜೆಂಕಿನ್ಸ್ 1980ರ ದಶಕದಲ್ಲಿ ಪ್ರಕಟಿಸಿದ ಪ್ರಯೋಗಗಳು ಇದಕ್ಕೆ ಬುನಾದಿ.

ರೂಮೆನ್‌ನಲ್ಲಿ ಕೊಬ್ಬಿನ ಪರಿಣಾಮ

ಸೂರ್ಯಕಾಂತಿ ಎಣ್ಣೆಯ ಹೆಚ್ಚಿನ ಪಾಲು ಲಿನೊಲಿಯಿಕ್ ಆಮ್ಲ. ಇಂಥ ಅಪರ್ಯಾಪ್ತ ಕೊಬ್ಬಿನಾಮ್ಲಗಳು ನಾರು ಕರಗಿಸುವ ಬ್ಯಾಕ್ಟೀರಿಯಾಗಳಿಗೂ ಪ್ರೊಟೊಜೋವಾಗಳಿಗೂ ವಿಷ; ಜೊತೆಗೆ ಹುಲ್ಲಿನ ಎಳೆಗೆ ಅಂಟಿಕೊಂಡು ಸೂಕ್ಷ್ಮಜೀವಿಗಳನ್ನು ದೂರವಿಡುತ್ತವೆ. ಆತ್ಮರಕ್ಷಣೆಗಾಗಿ ಬ್ಯುಟಿರಿವಿಬ್ರಿಯೊದಂಥ ಬ್ಯಾಕ್ಟೀರಿಯಾಗಳು ಅವಕ್ಕೆ ಹೈಡ್ರೋಜನ್ ಸೇರಿಸಿ ಪರ್ಯಾಪ್ತ ಕೊಬ್ಬಾಗಿ ಮಾರ್ಪಡಿಸುತ್ತವೆ. ಈ ಕೆಲಸಕ್ಕೂ ಒಂದು ಶಕ್ತಿಮಿತಿಯಿದೆ. ಎಣ್ಣೆ ಸ್ವಲ್ಪಸ್ವಲ್ಪವಾಗಿ ಬಂದರೆ ನಿಭಾಯಿಸುತ್ತವೆ, ಒಮ್ಮೆಗೇ ಸುರಿದರೆ ಸೋಲುತ್ತವೆ.

ಒಣಪದಾರ್ಥದಲ್ಲಿ ಒಟ್ಟು ಕೊಬ್ಬು 6–7 ಶೇಕಡ ಮೀರಬಾರದೆಂಬುದು ಸಾಮಾನ್ಯ ಸೂತ್ರ. ದಿನಕ್ಕೆ 12 ಕೆ.ಜಿ. ಒಣಪದಾರ್ಥ ತಿನ್ನುವ ಸೀಮೆಹಸುವಿನ ಲೆಕ್ಕ ಹೀಗೆ: ಸಹಜ ಕೊಬ್ಬು 3 ಶೇಕಡ ಎಂದರೆ 360 ಗ್ರಾಂ, 6 ಶೇಕಡದ ಮಿತಿ ಎಂದರೆ 720 ಗ್ರಾಂ. ಹೊಸದಾಗಿ ಸೇರಿಸಬಹುದಾದದ್ದು 360 ಗ್ರಾಂ. ಒಂದು ಕೆ.ಜಿ. ಸೂರ್ಯಕಾಂತಿ ಬೀಜವೊಂದರಲ್ಲೇ 400 ಗ್ರಾಂ ಎಣ್ಣೆಯಿದೆ! ಹೊಲದಲ್ಲಿ ಧಾರಾಳವಾಗಿ ಸಿಗುತ್ತದೆಂದು ಬೀಜವನ್ನು ಸೇರುಗಟ್ಟಲೆ ಕೊಡುವುದು ಹಾನಿಕರ. ಹಿಂಡಿಯ ರೂಪವೇ ಸುರಕ್ಷಿತ.

ಮೇವಿನ ಕೊಬ್ಬಿನಿಂದ ಮೀಥೇನ್ ಅನಿಲದ ಉತ್ಪತ್ತಿ ಕಡಿಮೆಯಾಗುತ್ತದೆ. ಹಾಲಿನ ಪ್ರೋಟೀನೂ ಸ್ವಲ್ಪ ತಗ್ಗುತ್ತದೆ. ಹಾಲಿನ ದರ ಫ್ಯಾಟ್ ಮತ್ತು ಎಸ್‌ಎನ್‌ಎಫ್ ಎರಡರ ಮೇಲೂ ನಿಂತಿರುವಾಗ ಎರಡನೆಯ ಪರಿಣಾಮವನ್ನು ಮರೆಯುವಂತಿಲ್ಲ.

ಎರಡೂ ಸೇರಿದಾಗ

ಸಂಶೋಧನೆ ಹೆಚ್ಚು ಬೆಳಕು ಚೆಲ್ಲಿರುವುದು ಈ ಭಾಗದ ಮೇಲೆ. ನುಣ್ಣನೆಯ ಹಿಟ್ಟಿನಿಂದ ಪಿಎಚ್ ಇಳಿದಾಗ ರೂಮೆನ್‌ನ ಜೀವಿಸಮೂಹ ಬದಲಾಗುತ್ತದೆ. ಅದೇ ಹೊತ್ತಿಗೆ ಬಿಡಿ ಎಣ್ಣೆ ಬಂದರೆ ಅದರ ಮಾರ್ಪಾಡು ಎಂದಿನ ದಾರಿ ಬಿಟ್ಟು ಅಡ್ಡದಾರಿ ಹಿಡಿಯುತ್ತದೆ. ಆಗ ಟ್ರಾನ್ಸ್-10, ಸಿಸ್-12 ಎಂದು ಗುರುತಿಸಲಾಗುವ ಲಿನೊಲಿಯಿಕ್ ಆಮ್ಲದ ರೂಪಾಂತರ ಹುಟ್ಟುತ್ತದೆ. ದಿನಕ್ಕೆ ಕೆಲವೇ ಗ್ರಾಂನಷ್ಟು ಇದು ಕೆಚ್ಚಲನ್ನು ತಲುಪಿದರೂ ಜಿಡ್ಡು ತಯಾರಿಸುವ ಕಿಣ್ವಗಳು ಮಂಕಾಗುತ್ತವೆಂದು ಕಾರ್ನೆಲ್ ವಿಶ್ವವಿದ್ಯಾಲಯದ ಡೇಲ್ ಬೌಮನ್ ತಂಡ 2000ದಲ್ಲಿ ತೋರಿಸಿತು. ಫ್ಯಾಟ್ ಹೆಚ್ಚಲೆಂದು ಎಣ್ಣೆ ಕುಡಿಸಿದ ಹಸುವಿನ ಫ್ಯಾಟ್ ಇನ್ನಷ್ಟು ಕುಸಿಯುವುದು ಹೀಗೆ.

ಬೈಪಾಸ್ ಕೊಬ್ಬು ಕೂಡ ಇದರಿಂದ ಪೂರ್ತಿ ಪಾರಲ್ಲ. ರೂಮೆನ್ ಹುಳಿಯಾದಷ್ಟೂ ಕ್ಯಾಲ್ಸಿಯಂ ಸಾಬೂನು ಅಲ್ಲೇ ಬಿಡಿಯಾಗುತ್ತದೆ. ದುಬಾರಿ ಪುಡಿ ತನ್ನ ಗುಣ ಕಳೆದುಕೊಳ್ಳುತ್ತದೆ. ಆದ್ದರಿಂದ ಮೊದಲು ನಾರು, ಆಮೇಲೆ ಕಾಳಿನ ಹದ, ಕಡೆಗೆ ಕೊಬ್ಬು ಎಂಬ ಕ್ರಮವನ್ನು ಹಿಂದುಮುಂದು ಮಾಡಬಾರದು. ಸರಿಯಾದ ಅಳತೆಯಲ್ಲಾದರೆ ಎರಡೂ ಪರಸ್ಪರ ಪೂರಕ: ಕಾಳಿನ ಒಂದಂಶವನ್ನು ತೆಗೆದು ಆ ಶಕ್ತಿಯನ್ನು ಬೈಪಾಸ್ ಕೊಬ್ಬಿನಿಂದ ತುಂಬಿದರೆ ಹಂಡೆಯ ಹುಳಿ ಇಳಿಯುತ್ತದೆ, ಶಕ್ತಿ ಕುಂದುವುದಿಲ್ಲ.

ಬಳಕೆ

ರಾಜ್ಯದಲ್ಲಿ ಬಳಕೆಯಲ್ಲಿರುವ ಸ್ಥೂಲ ಲೆಕ್ಕದಂತೆ ಹಸುವಿನ ಮೈಗೆ ಒಂದೂವರೆಯಿಂದ ಎರಡು ಕೆ.ಜಿ., ಪ್ರತಿ ಲೀಟರ್ ಹಾಲಿಗೆ 400 ಗ್ರಾಂ ಪಶು ಆಹಾರ. 10 ಲೀಟರ್ ಕರೆಯುವ ಹಸುವಿಗೆ ಸುಮಾರು 6 ಕೆ.ಜಿ. ಆಯಿತು. ಇದನ್ನು ಕರೆಯುವ ಎರಡು ಹೊತ್ತಿಗೇ ಮೂರು ಮೂರು ಕೆ.ಜಿ. ಸುರಿಯುವುದಕ್ಕಿಂತ ಮೂರು ನಾಲ್ಕು ಸಲ ಹಂಚಿ, ಹುಲ್ಲು ಹಾಕಿದ ಮೇಲೆ ಕೊಡುವುದು ರೂಮೆನ್‌ಗೆ ಹಿತ. ಬೈಪಾಸ್ ಕೊಬ್ಬಿನ ವಾಡಿಕೆಯ ಪ್ರಮಾಣ ದಿನಕ್ಕೆ 100ರಿಂದ 200 ಗ್ರಾಂ. ಕರು ಹಾಕುವ ಹತ್ತು ದಿನ ಮುಂಚಿನಿಂದ ಮೂರು ತಿಂಗಳವರೆಗೆ ಅದರ ಉಪಯೋಗ ಹೆಚ್ಚು, ಏಕೆಂದರೆ ಆಗ ಹಾಲು ಏರುತ್ತದೆ, ಹಸಿವು ಏರುವುದಿಲ್ಲ, ಹಸು ಮೈಕೊಬ್ಬು ಕರಗಿಸಿ ಹಾಲು ಕೊಡುತ್ತಿರುತ್ತದೆ. ಐದಾರು ಲೀಟರ್ ಕೊಡುವ ಹಸುವಿಗೂ ನಾಟಿ ದನಕ್ಕೂ ಅದು ಬೇಕಿಲ್ಲ. ಆ ಹಣವನ್ನು ಹಸಿಮೇವಿಗೆ ಹಾಕುವುದು ಲೇಸು.

ಈ ಸೀಮೆಯ ಕೊಟ್ಟಿಗೆಗೆ ಆಧಾರ ರಾಗಿ ಹುಲ್ಲು. ಭತ್ತದ ಹುಲ್ಲಿಗಿಂತ ಅದರಲ್ಲಿ ಸಿಲಿಕಾ ಕಡಿಮೆ, ಜೀರ್ಣವಾಗುವ ಅಂಶ ಹೆಚ್ಚು. ಬಿಳಿಜೋಳದ ಒಣಕಡ್ಡಿ ಮತ್ತು ಹುರುಳಿ ಹೊಟ್ಟು ಅದರ ಜೊತೆಗೆ ಸೇರುತ್ತವೆ.

ತೊಂದರೆಗಳು

ಸಂಕ್ರಾಂತಿಯ ದಿನ ದನದ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಪೊಂಗಲ್ ಉಣಿಸಿ, ಸಂಜೆ ಕಿಚ್ಚು ಹಾಯಿಸುವ ಪದ್ಧತಿ ಈ ಭಾಗದಲ್ಲಿದೆ. ಪ್ರೀತಿಯಿಂದ ಬುಟ್ಟಿಗಟ್ಟಲೆ ಅನ್ನ, ಪಾಯಸ ಉಣಿಸಿದಾಗ ಅಥವಾ ಹಗ್ಗ ಬಿಚ್ಚಿಕೊಂಡ ಹಸು ಹಿಟ್ಟಿನ ಚೀಲಕ್ಕೆ ಬಾಯಿ ಹಾಕಿದಾಗ ತೀವ್ರ ಆಮ್ಲಬಾಧೆ ಬರುತ್ತದೆ. ಮೆಲುಕು ನಿಲ್ಲುವುದು, ಹೊಟ್ಟೆಯಲ್ಲಿ ನೀರು ಕುಲುಕಿದಂಥ ಶಬ್ದ, ಹುಳಿವಾಸನೆಯ ಭೇದಿ, ತೂರಾಟ ಇದರ ಲಕ್ಷಣಗಳು. ಹಸು ಬೇಗನೆ ಸಾಯಬಹುದಾದ್ದರಿಂದ ಪಶುವೈದ್ಯರನ್ನು ಕೂಡಲೇ ಕರೆಸಬೇಕು. ಸದ್ದಿಲ್ಲದ ಆಮ್ಲಬಾಧೆಯಲ್ಲಿ ಫ್ಯಾಟ್ ಇಳಿಯುತ್ತದೆ, ಸಗಣಿ ತೆಳುವಾಗಿ ನೊರೆಗಟ್ಟುತ್ತದೆ, ತಿಂಗಳುಗಳ ಮೇಲೆ ಗೊರಸು ಕೆಟ್ಟು ಹಸು ಕುಂಟುತ್ತದೆ.

ಪರೀಕ್ಷೆಗೆ ಪ್ರಯೋಗಾಲಯ ಬೇಕೆಂದೇನಿಲ್ಲ. ಒಂದು ಹಿಡಿ ಸಗಣಿಯನ್ನು ಜರಡಿಯಲ್ಲಿ ನೀರು ಹಾಕಿ ತೊಳೆದರೆ ಇಡೀ ಕಾಳು, ನುಚ್ಚು, ಉದ್ದನೆಯ ಹುಲ್ಲಿನ ಎಳೆ ಕಣ್ಣಿಗೆ ಬೀಳುತ್ತವೆ. ಕಾಳು ಕಂಡರೆ ಬೀಸಿದ್ದು ಸಾಲದು. ಜೀರ್ಣವಾಗದ ಉದ್ದ ನಾರು ಕಂಡರೆ ಹಿಟ್ಟೋ ಎಣ್ಣೆಯೋ ಅತಿಯಾಗಿದೆ. ಮಲಗಿ ವಿಶ್ರಮಿಸುವ ಹಸುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮೆಲುಕು ಹಾಕುತ್ತಿದ್ದರೆ ನಾರು ಸಾಕಷ್ಟಿದೆ ಎಂದರ್ಥ.

ಇಂದಿನ ಸ್ಥಿತಿ

ತಾಲ್ಲೂಕಿನ ಹಾಲು ಊರಿನ ಸಹಕಾರ ಸಂಘಗಳಿಂದ ಚಾಮರಾಜನಗರ ಜಿಲ್ಲಾ ಹಾಲು ಒಕ್ಕೂಟದ ಕುದೇರು ಘಟಕಕ್ಕೆ ಸೇರುತ್ತದೆ. ಕರ್ನಾಟಕ ಹಾಲು ಮಹಾಮಂಡಳ ತನ್ನದೇ ಕಾರ್ಖಾನೆಗಳಲ್ಲಿ ಪಶು ಆಹಾರ ತಯಾರಿಸಿ ಸಂಘಗಳ ಮೂಲಕ ಒದಗಿಸುತ್ತದೆ. ಭಾರತೀಯ ಮಾನಕದ ಪ್ರಕಾರ ಮೊದಲ ದರ್ಜೆಯ ಪಶು ಆಹಾರದಲ್ಲಿ ಕನಿಷ್ಠ 22 ಶೇಕಡ, ಎರಡನೆಯದರಲ್ಲಿ 20 ಶೇಕಡ ಪ್ರೋಟೀನು ಇರಬೇಕು. ಹರದನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರ ಜಿಲ್ಲೆಯ ರೈತರಿಗೆ ತರಬೇತಿ ನೀಡುವ ಸಂಸ್ಥೆ. ಹಬೆಯ ಅವಲಕ್ಕಿ ದೊಡ್ಡ ಯಂತ್ರೋಪಕರಣ ಬೇಡುವುದರಿಂದ ಸಣ್ಣ ರೈತರ ಕೈಗೆ ಎಟುಕಿಲ್ಲ. ಚೀಲದ ಪಶು ಆಹಾರದ ಮೇಲೆ ಪ್ರೋಟೀನು, ಕೊಬ್ಬಿನ ಪ್ರಮಾಣ ಮುದ್ರಿತವಾಗಿದ್ದರೂ ಪಿಷ್ಟ ಎಷ್ಟಿದೆ, ಯಾವ ಕಾಳಿನದು ಎಂಬುದು ಸಾಮಾನ್ಯವಾಗಿ ಇರುವುದಿಲ್ಲ. ಅದನ್ನೂ ಮುದ್ರಿಸಿದರೆ ರೈತರಿಗೆ ದೊಡ್ಡ ಉಪಕಾರ.

ಮಳೆನೆರಳಿನ ಈ ತಾಲ್ಲೂಕಿನಲ್ಲಿ ಆಮ್ಲಬಾಧೆಯ ಅಪಾಯ ಹೆಚ್ಚುವುದು ಹುಲ್ಲು ಮುಗಿದು ಕಾಳಿನ ಪಾಲು ಏರುವ ಬೇಸಿಗೆಯಲ್ಲಿ. ರಾಗಿ ಒಕ್ಕಣೆ ಮುಗಿದಾಗಲೇ ಮೇ ಕೊನೆಯವರೆಗಿನ ಹುಲ್ಲನ್ನು ಲೆಕ್ಕ ಹಾಕಿ ಬಣವೆ ಒಟ್ಟಬೇಕು. ಜನವರಿಯಿಂದ 150 ದಿನಕ್ಕೆ, ದಿನಕ್ಕೆ 5 ಕೆ.ಜಿ.ಯಂತೆ, ಒಂದು ಹಸುವಿಗೆ ಬೇಕಾಗುವ ರಾಗಿ ಹುಲ್ಲು 750 ಕೆ.ಜಿ.